ಮೂರು ಕೊಟೇಶನ್ ತಂದರೆ ಸಾಕೇ?



ಸಂಘಕ್ಕೆ ಏನಾದರೂ ಖರೀದಿ ಮಾಡಬೇಕೆಂದಾಗ ನಾವೆಲ್ಲ ಹೇಳುವ ಮಾತು ಒಂದೇ: "ಮೂರು ಕೊಟೇಶನ್ ತನ್ನಿ, ಕಡಿಮೆ ಇದ್ದವರಿಗೆ ಆರ್ಡರ್ ಕೊಡಿ." ತರಬೇತಿಗಳಲ್ಲಿ ನಾವೂ ಹಾಗೆಯೇ ಹೇಳುತ್ತಾ ಬಂದವರು. ಆದರೆ ಈ ಮಾತು ಅರ್ಧ ಮಾತ್ರ ಸರಿ. ಉಳಿದ ಅರ್ಧವನ್ನು ನಾವು ಕಲಿತದ್ದು ಪೆಟ್ಟು ತಿಂದ ಮೇಲೆ.

ಕೆಲವು ವರ್ಷಗಳ ಹಿಂದೆ ಒಂದು ಒಕ್ಕೂಟದ ಮಹಿಳೆಯರು ಹಿಟ್ಟಿನ ಗಿರಣಿ ಹಾಕಲು ಮುಂದೆ ಬಂದರು. ಸ್ವಲ್ಪ ಅವರ ಉಳಿತಾಯದ ಹಣ, ಉಳಿದದ್ದು ಬ್ಯಾಂಕಿನ ಸಾಲ. ನಮ್ಮ ಕಾರ್ಯಕರ್ತರು ಜೊತೆಗೆ ಹೋಗಿ ಮೂರು ಕೊಟೇಶನ್ ತಂದರು. ಒಬ್ಬರದ್ದು 42,000 ರೂಪಾಯಿ, ಇನ್ನೊಬ್ಬರದ್ದು 58,000, ಮತ್ತೊಬ್ಬರದ್ದು 61,000. ಯೋಚನೆ ಮಾಡುವುದೇನಿದೆ? 42,000ಕ್ಕೆ ಆರ್ಡರ್ ಕೊಟ್ಟೆವು.

ಗಿರಣಿ ಬಂತು. ಆದರೆ ಅದಕ್ಕೆ ಮೋಟರ್ ಇರಲಿಲ್ಲ. ಕೇಳಿದರೆ, "ಅದು ಬೇರೆ ಅಮ್ಮ, ಕೊಟೇಶನ್‌ನಲ್ಲಿ ಬರೆದಿಲ್ಲವಲ್ಲ" ಎಂದರು. ಮೋಟರಿಗೆ 14,000, ಸ್ಟಾರ್ಟರ್ ಮತ್ತು ಬೆಲ್ಟಿಗೆ 3,500, ಸಾಗಣೆ ಮತ್ತು ಜೋಡಣೆಗೆ 4,500. ಒಟ್ಟು 64,000 ರೂಪಾಯಿ ಆಯಿತು. 58,000 ಹೇಳಿದವರ ದರದಲ್ಲಿ ಇದೆಲ್ಲ ಸೇರಿತ್ತು! ಅಷ್ಟಕ್ಕೇ ಮುಗಿಯಲಿಲ್ಲ. ಮೋಟರಿಗೆ ಮೂರು ಫೇಸ್ ಕರೆಂಟ್ ಬೇಕು, ಒಕ್ಕೂಟದ ಕೋಣೆಯಲ್ಲಿದ್ದದ್ದು ಸಿಂಗಲ್ ಫೇಸ್. ಹೊಸ ಕನೆಕ್ಷನ್ ಬರುವವರೆಗೆ ಎರಡೂವರೆ ತಿಂಗಳು ಗಿರಣಿ ಟಾರ್ಪಾಲಿನ ಕೆಳಗೆ ಕೂತಿತು. ಬ್ಯಾಂಕಿನ ಕಂತು ಮಾತ್ರ ಕೂರಲಿಲ್ಲ.

ಅಂಗಡಿಯವರು ಮೋಸ ಮಾಡಿದರು ಅಂತ ಹೇಳಲಾರೆವು. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಹಣದ ನಷ್ಟವನ್ನು ಹೇಗೋ ತುಂಬಿಸಿಕೊಂಡೆವು. ಆದರೆ "ಅಧ್ಯಕ್ಷೆ ಕಮಿಷನ್ ತಿಂದಿರಬೇಕು" ಎಂಬ ಮಾತು ಬಾಯಿಂದ ಬಾಯಿಗೆ ಹೋಯಿತು. ಒಂದು ರೂಪಾಯಿಯನ್ನೂ ಮುಟ್ಟದ ಆ ತಾಯಿ ಕಣ್ಣೀರು ಹಾಕಿಕೊಂಡು ಹುದ್ದೆ ಬಿಟ್ಟರು. ತನ್ನನ್ನು ಸಮರ್ಥಿಸಿಕೊಳ್ಳಲು ಅವರ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ.

ಮೊದಲು ನಮಗೇನು ಬೇಕು ಅಂತ ಬರೆಯೋಣ

ಸಂತ ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಗೋಪುರ ಕಟ್ಟುವವನ ವಿಷಯ ಹೇಳುತ್ತಾರೆ. ಕೆಲಸ ಶುರು ಮಾಡುವ ಮೊದಲು ಕೂತು ಲೆಕ್ಕ ಹಾಕದಿದ್ದರೆ ಅಡಿಪಾಯ ಹಾಕಿ ನಗೆಪಾಟಲಾಗುತ್ತಾನೆ. ಯಾವ ಧರ್ಮದ ಸಹೋದರಿಗೂ ಇದು ಹೊಂದುವ ಬುದ್ಧಿಮಾತು. ಅಂಗಡಿಗೆ ಹೋಗುವ ಮೊದಲೇ ಕೂರಬೇಕು.

ಸಭೆಯಲ್ಲಿ ಕೂತು ಒಂದು ಬೇಡಿಕೆ ಪತ್ರ ತಯಾರಿಸೋಣ. ದೊಡ್ಡ ಕಂಪನಿಗಳೂ ಸರ್ಕಾರಿ ಇಲಾಖೆಗಳೂ ಮಾಡುವುದು ಇದನ್ನೇ. ಏನು ಬೇಕು ಅಂತ ಖಚಿತವಾಗಿ ಗೊತ್ತಿದ್ದರೆ ದರ ಮಾತ್ರ ಕೇಳುತ್ತಾರೆ, ಅದು ಕೊಟೇಶನ್. ನಮ್ಮ ಕಷ್ಟ ಗೊತ್ತು, ಪರಿಹಾರ ಗೊತ್ತಿಲ್ಲ ಎಂದಾದರೆ "ನೀವೇ ಒಂದು ದಾರಿ ತೋರಿಸಿ, ದರವನ್ನೂ ಹೇಳಿ" ಎಂದು ಕೇಳುತ್ತಾರೆ. ಅದಕ್ಕೆ ಪ್ರಸ್ತಾವನೆ ಕರೆಯುವುದು ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಚುಟುಕಾಗಿ ಆರ್.ಎಫ್.ಪಿ. ಗಿರಣಿಯ ವಿಷಯದಲ್ಲಿ ನಾವು ಕೇಳಬೇಕಾಗಿದ್ದದ್ದು ಈ ಎರಡನೆಯದು. ಹೀಗೆ ಬರೆದಿದ್ದರೆ ಸಾಕಿತ್ತು:

"ದಿನಕ್ಕೆ ಸುಮಾರು 100 ಕಿಲೋ ರಾಗಿ, ಜೋಳ ಬೀಸಬೇಕು. ಮೆಣಸಿನಕಾಯಿಯನ್ನೂ ಪುಡಿ ಮಾಡಬೇಕು, ಅದರ ಘಾಟು ಹಿಟ್ಟಿಗೆ ಬರಬಾರದು. ನಮ್ಮ ಕೋಣೆಯಲ್ಲಿರುವುದು ಸಿಂಗಲ್ ಫೇಸ್. ನಡೆಸುವವರು ಮಹಿಳೆಯರು. ಯಾವ ಯಂತ್ರ ಕೊಡುತ್ತೀರಿ? ಮೋಟರ್, ತೆರಿಗೆ, ಸಾಗಣೆ, ಜೋಡಣೆ, ಕಲಿಸಿಕೊಡುವುದು ಎಲ್ಲ ಸೇರಿ ಎಷ್ಟು? ಗ್ಯಾರಂಟಿ ಎಷ್ಟು ತಿಂಗಳು? ಕೆಟ್ಟರೆ ಎಷ್ಟು ದಿನದಲ್ಲಿ ಬರುತ್ತೀರಿ?"

ಇದೇ ಪತ್ರ, ಇದೇ ಕೊನೆಯ ದಿನಾಂಕ ಎಲ್ಲರಿಗೂ ಹೋಗಬೇಕು. ಒಬ್ಬರು ಫೋನ್ ಮಾಡಿ ಏನಾದರೂ ವಿವರ ಕೇಳಿದರೆ ಆ ಉತ್ತರವನ್ನು ಉಳಿದವರಿಗೂ ತಿಳಿಸಬೇಕು. ಒಬ್ಬರ ದರವನ್ನು ಇನ್ನೊಬ್ಬರಿಗೆ ಹೇಳಲೇಬಾರದು.

ಲಕೋಟೆ ಎಲ್ಲರ ಮುಂದೆ ತೆರೆಯೋಣ

ಉತ್ತರಗಳು ಮುಚ್ಚಿದ ಲಕೋಟೆಯಲ್ಲಿ ಬರಲಿ. ತೆರೆಯುವ ಮೊದಲೇ ನಮಗೆ ಯಾವುದು ಮುಖ್ಯ ಅಂತ ನಿರ್ಧರಿಸಿಕೊಳ್ಳೋಣ: ದರವೋ, ರಿಪೇರಿಗೆ ಬೇಗ ಬರುವುದೋ, ಗ್ಯಾರಂಟಿಯೋ. 100 ಅಂಕಗಳಲ್ಲಿ ದರಕ್ಕೆ 50, ರಿಪೇರಿ ಸೇವೆಗೆ 30, ಗ್ಯಾರಂಟಿಗೆ 20 ಅಂತ ಮೊದಲೇ ನಡಾವಳಿ ಪುಸ್ತಕದಲ್ಲಿ ಬರೆದಿಟ್ಟರೆ ಆಮೇಲೆ ಜಗಳವಿಲ್ಲ. ಮುಖ ನೋಡಿ ಮಣೆ ಹಾಕಿದರು ಅಂತ ಯಾರೂ ಹೇಳುವಂತಿಲ್ಲ.

ಬಳಿಕ ಒಂದು ದೊಡ್ಡ ಕಾಗದದಲ್ಲಿ ಮನೆ ಎಳೆದು ಎಲ್ಲರ ವಿವರವನ್ನೂ ಪಕ್ಕಪಕ್ಕದಲ್ಲಿ ಬರೆಯಬೇಕು. ಓದಲು ಬಾರದ ಸದಸ್ಯೆಯರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಖಾಲಿ ಉಳಿದ ಮನೆಗಳನ್ನು ಚೆನ್ನಾಗಿ ನೋಡಿ. ನಮಗೆ ಖರ್ಚು ಬರುವುದು ಅಲ್ಲಿಂದಲೇ.

ಅಂಕ ಹಾಕುವ ಮೊದಲು, ಅದೇ ಯಂತ್ರ ನಡೆಯುತ್ತಿರುವ ಊರಿಗೆ ಇಬ್ಬರು ಹೋಗಿ ವಿಚಾರಿಸಿ ಬಂದರೆ ಒಳ್ಳೆಯದು. ಬಸ್ ಚಾರ್ಜು ನಷ್ಟವಲ್ಲ. ಕಡಿಮೆ ದರದವರನ್ನು ಬಿಟ್ಟು ಬೇರೆಯವರನ್ನು ಆರಿಸಿದರೂ ತಪ್ಪಿಲ್ಲ. ಆದರೆ ಯಾಕೆ ಅಂತ ಕಾರಣ ಬರೆದು ಎಲ್ಲರೂ ಸಹಿ ಹಾಕಬೇಕು.

ಎರಡು ಎಚ್ಚರಿಕೆಗಳು

ಒಂದು: ಕೆಲವು ಅಂಗಡಿಯವರು "ಉಳಿದ ಎರಡು ಕೊಟೇಶನ್ ನಾನೇ ತಂದುಕೊಡುತ್ತೇನೆ, ನಿಮಗ್ಯಾಕೆ ಓಡಾಟ" ಎನ್ನುತ್ತಾರೆ. ಮೂರು ಲೆಟರ್‌ಹೆಡ್, ಬರೆದ ಕೈ ಒಂದೇ. ಫೈಲು ತುಂಬುತ್ತದೆ, ಸ್ಪರ್ಧೆ ಇರುವುದಿಲ್ಲ. ಇದು ಸಹಾಯವಲ್ಲ, ಸುಳ್ಳು. ಸಹಿ ಹಾಕುವವರು ನಾವು ಎಂಬುದನ್ನು ಮರೆಯಬಾರದು.

ಎರಡು: ಸದಸ್ಯೆಯೊಬ್ಬರ ಗಂಡನೋ ಅಣ್ಣನೋ ಅಂಗಡಿ ಇಟ್ಟಿದ್ದರೆ ಅವರೂ ದರ ಕೊಡಬಹುದು. ಆದರೆ ಆ ಸದಸ್ಯೆ ಸಂಬಂಧವನ್ನು ಮೊದಲೇ ಹೇಳಿ, ತೀರ್ಮಾನದ ಹೊತ್ತಿಗೆ ಹೊರಗೆ ಕೂರಬೇಕು. ಇದು ಅವರಿಗೆ ಅವಮಾನವಲ್ಲ, ಅವರ ಮರ್ಯಾದೆಗೆ ಕಾವಲು.

ಆರ್ಡರನ್ನು ಬರವಣಿಗೆಯಲ್ಲೇ ಕೊಡಿ. ಪೂರ್ತಿ ಹಣ ಮುಂಗಡ ಕೊಡಬೇಡಿ. ಸ್ವಲ್ಪ ಹಣ ಉಳಿಸಿಕೊಂಡು, ಯಂತ್ರ ಸರಿಯಾಗಿ ನಡೆದ ಮೇಲೆ ಕೊಡುವುದೆಂದು ಆರ್ಡರಿನಲ್ಲೇ ಬರೆಯಿರಿ. ಹಣ ಬ್ಯಾಂಕಿನ ಮೂಲಕ ಹೋಗಲಿ, ಬಿಲ್ ಸಂಘದ ಹೆಸರಿಗೆ ಬರಲಿ.

ನಾವೇ ಮಾರುವವರಾದಾಗ

ಈಗ ನಮ್ಮ ಸಂಘಗಳೇ ಹಾಸ್ಟೆಲ್, ಶಾಲೆ, ಕಚೇರಿಗಳಿಗೆ ರೊಟ್ಟಿ, ಉಪ್ಪಿನಕಾಯಿ, ಸಮವಸ್ತ್ರ ಪೂರೈಸಲು ದರ ಕೊಡುತ್ತಿವೆ. ಇದು ಯಾರ ಕೃಪೆಯೂ ಅಲ್ಲ. ಅಂಗನವಾಡಿ ಆಹಾರಕ್ಕೆ ಗುತ್ತಿಗೆದಾರರು ಬೇಡ, ಸ್ವಸಹಾಯ ಸಂಘ ಮತ್ತು ಮಹಿಳಾ ಮಂಡಳಗಳಿಗೆ ಆದ್ಯತೆ ಇರಲಿ ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಆದೇಶಿಸಿತ್ತು. ಕರ್ನಾಟಕದಲ್ಲಿ ಸರ್ಕಾರಿ ಖರೀದಿಗೆಂದೇ 1999ರ ಪಾರದರ್ಶಕತೆ ಕಾಯಿದೆ ಇದೆ. ಅದರಡಿ ಕರೆದ ಟೆಂಡರಿನಲ್ಲಿ ಅನ್ಯಾಯವಾಯಿತೆಂದು ಕಂಡರೆ ಮೇಲ್ಮನವಿ ಸಲ್ಲಿಸಬಹುದು. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕಡತದ ಪ್ರತಿಯನ್ನೂ ಕೇಳಬಹುದು.

ಆದರೆ ಆರ್ಡರ್ ಸಿಗಲಿ ಅಂತ ನಮ್ಮ ಕೂಲಿಯನ್ನೇ ನುಂಗಿಕೊಂಡು ದರ ಬರೆಯಬಾರದು. ರೊಟ್ಟಿಗೆ 5 ರೂಪಾಯಿ ಅಂತ ಬರೆದೆವು ಎನ್ನೋಣ. ಹಿಟ್ಟು, ಸೌದೆ, ಸಾಗಣೆಗೆ 4 ರೂಪಾಯಿ ಹೋಯಿತು. ಮೂವರು ನಾಲ್ಕು ಗಂಟೆ ಒಲೆ ಮುಂದೆ ಬೆಂದು 300 ರೊಟ್ಟಿ ಬಡಿದರೆ ಉಳಿದದ್ದು 300 ರೂಪಾಯಿ, ತಲೆಗೆ ನೂರು. ಇದು ಸಾಕೇ? ಮೊದಲು ಕೂಲಿ ಬರೆಯಿರಿ, ಆಮೇಲೆ ದರ ಬರೆಯಿರಿ. ಪತ್ರದಲ್ಲಿ ಕೇಳಿದ ಪ್ರತಿಯೊಂದಕ್ಕೂ ಉತ್ತರ, ಸಹಿ, ಮುದ್ರೆ ಇರಲಿ. ಕೊನೆಯ ದಿನಕ್ಕೆ ಕಾಯಬೇಡಿ.

ಆ ಒಕ್ಕೂಟದ ಗಿರಣಿ ಕೊನೆಗೂ ನಡೆಯಿತು. ಮುಂದಿನ ಖರೀದಿಗೆ ಮಹಿಳೆಯರು ಲಕೋಟೆಗಳನ್ನು ಸಭೆಯ ನಡುವೆ ಚಾಪೆಯ ಮೇಲಿಟ್ಟು ತೆರೆದರು. ಹುದ್ದೆ ಬಿಟ್ಟಿದ್ದ ತಾಯಿಯನ್ನೇ ಕರೆದು, ಮೊದಲ ಲಕೋಟೆಯನ್ನು ಅವರ ಕೈಗೆ ಕೊಟ್ಟರು.

ಮುಂದಿನ ಸಭೆಯಲ್ಲಿ ಚರ್ಚಿಸಿ:
1. ನಮ್ಮ ಸಂಘದ ಕಳೆದ ಖರೀದಿಯ ಕಾಗದಗಳು ಎಲ್ಲಿವೆ? ಎಲ್ಲರೂ ನೋಡಿದ್ದೇವೆಯೇ?
2. ಮುಂದೆ ಖರೀದಿಸಬೇಕೆಂದಿರುವ ಒಂದು ವಸ್ತುವಿಗೆ ಈಗಲೇ ಬೇಡಿಕೆ ಪತ್ರ ಬರೆಯಲು ಪ್ರಯತ್ನಿಸೋಣವೇ?
3. ನಾವು ಮಾರುವ ವಸ್ತುವಿನ ದರದಲ್ಲಿ ನಮ್ಮ ಕೂಲಿ ಎಷ್ಟು ಸೇರಿದೆ?