ಸಂಗ್ರಾಹಕನ ಪ್ರೇಮ: ‘ದಿ ಕಲೆಕ್ಟರ್’ ಕಾದಂಬರಿಯ ನಿರೂಪಣೆ

ಇಂಗ್ಲೆಂಡಿನ ಲೇಖಕ ಜಾನ್ ಫೌಲ್ಸ್ (1926–2005) ಅವರ ಪ್ರಥಮ ಪ್ರಕಟಿತ ಕಾದಂಬರಿ ‘ದಿ ಕಲೆಕ್ಟರ್’ 1963ರಲ್ಲಿ ಹೊರಬಂದಿತು. ಅಪಹರಣದ ರೋಚಕ ಕಥೆಯೆಂದು ಇದು ಪ್ರಸಿದ್ಧವಾಗಿದ್ದರೂ ಕೃತಿಯ ನಿಜವಾದ ಶಕ್ತಿಯಿರುವುದು ಅದರ ನಿರೂಪಣೆಯಲ್ಲಿ. ಅಪರಾಧಿಯ ಬಾಯಿಂದಲೇ ಮೊದಲು ಕಥೆ ಹೇಳಿಸಿ ಫೌಲ್ಸ್ ಓದುಗನನ್ನು ಅವನ ತರ್ಕಕ್ಕೆ ಒಗ್ಗಿಸುತ್ತಾರೆ.

ಫ್ರೆಡರಿಕ್ ಕ್ಲೆಗ್ ಒಬ್ಬ ಸಾಮಾನ್ಯ ಗುಮಾಸ್ತ. ಚಿಟ್ಟೆಗಳನ್ನು ಹಿಡಿದು, ಕೊಂದು, ಪೆಟ್ಟಿಗೆಯಲ್ಲಿ ಜೋಡಿಸಿಡುವುದು ಅವನ ಹವ್ಯಾಸ. ಫುಟ್‌ಬಾಲ್ ಪಂದ್ಯಗಳ ಪಣದಲ್ಲಿ ಅಪಾರ ಹಣ ಗೆದ್ದ ಮೇಲೆ ಸಸೆಕ್ಸ್‌ನಲ್ಲಿ ಒಂಟಿ ಮನೆಯೊಂದನ್ನು ಕೊಂಡು, ಲಂಡನ್ನಿನ ಚಿತ್ರಕಲಾ ವಿದ್ಯಾರ್ಥಿನಿ ಮಿರಾಂಡಾಳನ್ನು ಕ್ಲೋರೋಫಾರ್ಮ್ ಬಳಸಿ ಅಪಹರಿಸಿ ನೆಲಮಾಳಿಗೆಯಲ್ಲಿ ಬಂಧಿಸುತ್ತಾನೆ. ಪುಸ್ತಕ, ಉಡುಪು, ಊಟ, ಯಾವುದಕ್ಕೂ ಕೊರತೆಯಿಲ್ಲ. ಬಿಡುಗಡೆಯೊಂದನ್ನುಳಿದು ಕೇಳಿದ್ದೆಲ್ಲ ದೊರೆಯುತ್ತದೆ. ಹಣ ಮತ್ತು ಬಿಡುವು ಇದ್ದರೆ ಬಹುಮಂದಿ ತನ್ನಂತೆಯೇ ಮಾಡುತ್ತಿದ್ದರೆಂಬುದು ಅವನ ಸಮರ್ಥನೆ.

ತಾನು ಆಕೆಯನ್ನು ಬಲಾತ್ಕರಿಸಲಿಲ್ಲವೆಂಬ ಹೆಮ್ಮೆ ಅವನ ಮಾತಿನಲ್ಲಿ ಮತ್ತೆ ಮತ್ತೆ ಇಣುಕುತ್ತದೆ. ಈ ಸಂಯಮದ ಬೆಲೆಯನ್ನು ಅಳೆಯಲು ಕನ್ನಡದ ಓದುಗನಿಗೆ ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದ ರಾವಣ ಸಹಜವಾಗಿ ನೆನಪಾಗುತ್ತಾನೆ. ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತ ಅವನದೂ ಆಗಿತ್ತು. ಅಪಹರಣ ಅವನದೂ ಹೌದು. ಆದರೆ ಸೀತೆ ಮೂರ್ಛೆಹೋದುದನ್ನು ಕಂಡೊಡನೆ ಆ ರಾವಣನ ಮನಸ್ಸು ತಿರುಗುತ್ತದೆ. ಅಭಿಮಾನ ಅಡ್ಡಬಂದರೂ ಪಶ್ಚಾತ್ತಾಪ ನಿಜವಾದುದು. ಬಿ.ಎಂ. ಶ್ರೀಕಂಠಯ್ಯನವರು ಅವನಲ್ಲಿ ದುರಂತ ನಾಯಕನನ್ನು ಕಂಡದ್ದು ಆ ಕಾರಣದಿಂದಲೇ. ಕ್ಲೆಗ್‌ನಲ್ಲಿ ಅಂಥ ತಿರುವು ಇಲ್ಲ. ಮಿರಾಂಡಾ ಎಚ್ಚರ ತಪ್ಪಿರುವಾಗ ಅವನು ಛಾಯಾಚಿತ್ರ ತೆಗೆಯುತ್ತಾನೆ. ಅವನ ಸಂಯಮ ಮಾದರಿಯ ರೆಕ್ಕೆ ಮುರಿಯದಿರಲೆಂಬ ಸಂಗ್ರಾಹಕನ ಎಚ್ಚರಿಕೆ ಮಾತ್ರ.

ಕಾದಂಬರಿಯ ನಡುಭಾಗ ಮಿರಾಂಡಾ ಗುಟ್ಟಾಗಿ ಬರೆದ ದಿನಚರಿ. ಆಕೆ ಕಾಯಿಲೆ ಬಿದ್ದುದನ್ನು ಕ್ಲೆಗ್‌ನಿಂದ ತಿಳಿದ ಮೇಲೆಯೇ ಓದುಗ ಆ ಪುಟಗಳನ್ನು ತೆರೆಯುತ್ತಾನೆ. ಆದುದರಿಂದ ಆಕೆಯ ಒಂದೊಂದು ಯೋಜನೆಯೂ ಹೃದಯವನ್ನು ಹಿಂಡುತ್ತದೆ. ಅದೇ ದಿನಗಳು, ಅದೇ ಕೋಣೆ. ಆದರೆ ಕ್ಲೆಗ್ ಕಂಡೇ ಇರದ ಹೆಣ್ಣೊಬ್ಬಳು ಇಲ್ಲಿದ್ದಾಳೆ: ಅಹಂಕಾರಿ, ಹಾಸ್ಯಪ್ರವೃತ್ತಿಯವಳು, ತನ್ನ ತಪ್ಪುಗಳನ್ನು ತಾನೇ ತಿದ್ದಿಕೊಳ್ಳುತ್ತ ಬೆಳೆಯುತ್ತಿರುವವಳು. ಅವನು ತನ್ನ ಹೆಸರು ಫರ್ಡಿನೆಂಡ್ ಎಂದಿದ್ದ. ಆಕೆ ಅವನನ್ನು ಕ್ಯಾಲಿಬನ್ ಎನ್ನುತ್ತಾಳೆ. ಷೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ನಲ್ಲಿ ಮಿರಾಂಡಾಳ ಪ್ರಿಯಕರ ಮೊದಲನೆಯವನು, ಅವಳ ಮೇಲೆರಗಲು ಯತ್ನಿಸಿದವನು ಎರಡನೆಯವನು.

1965ರಲ್ಲಿ ವಿಲಿಯಂ ವೈಲರ್ ನಿರ್ದೇಶಿಸಿದ ಚಲನಚಿತ್ರದಲ್ಲಿನ ಅಭಿನಯಕ್ಕಾಗಿ ಟೆರೆನ್ಸ್ ಸ್ಟ್ಯಾಂಪ್ ಮತ್ತು ಸಮಂತಾ ಎಗ್ಗರ್ ಇಬ್ಬರೂ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದರು. ಆದರೆ ಒಂದೇ ಘಟನೆಯನ್ನು ಎರಡು ಮನಸ್ಸುಗಳಿಂದ ಓದಿಸುವ ಕಾದಂಬರಿಯ ಉಪಾಯ ತೆರೆಯ ಮೇಲೆ ಉಳಿಯಲಿಲ್ಲ ಎಂಬುದನ್ನು ಒಪ್ಪಲೇಬೇಕು.

ಸಿಕ್ಕಿಬೀಳುವ ಭಯದಿಂದ ಕ್ಲೆಗ್ ವೈದ್ಯರನ್ನು ಕರೆತರುವುದಿಲ್ಲ. ಮಿರಾಂಡಾ ನ್ಯುಮೋನಿಯಾದಿಂದ ಸಾಯುತ್ತಾಳೆ. ಜೊತೆಗೇ ಸಾಯಬೇಕೆಂದಿದ್ದವನಿಗೆ ದಿನಚರಿ ದೊರೆಯುತ್ತದೆ. ಅದರಲ್ಲಿ ಒಬ್ಬ ಮನುಷ್ಯಳ ಸಂಕಟವನ್ನು ಅವನು ಓದುವುದಿಲ್ಲ; ಆಕೆ ತನ್ನನ್ನು ಪ್ರೀತಿಸಿರಲಿಲ್ಲವೆಂಬುದನ್ನಷ್ಟೇ ಓದಿ ಸಾಯುವ ವಿಚಾರವನ್ನು ಕೈಬಿಡುತ್ತಾನೆ. ಕೊನೆಯ ಪುಟಗಳಲ್ಲಿ ಅವನ ಕಣ್ಣು ಅಂಗಡಿಯೊಂದರಲ್ಲಿ ಕೆಲಸ ಮಾಡುವ ಮತ್ತೊಬ್ಬ ಹುಡುಗಿಯ ಮೇಲೆ ಬಿದ್ದಿದೆ. ಈ ಬಾರಿ ಪ್ರೇಮದ ಮಾತಿಲ್ಲ. ಹೋಲಿಸಿ ನೋಡುವ ಕುತೂಹಲ ಮಾತ್ರ. ನೆಲಮಾಳಿಗೆಯ ಕೋಣೆಯನ್ನು ಅವನು ಆಗಲೇ ಸಿದ್ಧಗೊಳಿಸುತ್ತಿದ್ದಾನೆ.