ಮಾತು ಕಟ್ಟಿದ ಹೊತ್ತು

ಹೈದರಾಬಾದಿನ ಬಾಲಾನಗರದ ಸಂಜೆಗೆ ಕೂಲಂಟ್ ಎಣ್ಣೆಯ ವಾಸನೆ. 2021ರಲ್ಲಿ ತೆರೆದ ಮೇಲ್ಸೇತುವೆಯ ಕೆಳಗೆ, ನರಸಾಪುರ ಕ್ರಾಸಿನಲ್ಲಿ ಬಸ್ಸು, ಆಟೋ, ಸರಕಿನ ಟೆಂಪೋಗಳು ಹಾರ್ನ್ ಒತ್ತುತ್ತ ನುಗ್ಗುತ್ತಿರುವಾಗ, ಒಳಗಲ್ಲಿಯ ಶೆಡ್ಡುಗಳಲ್ಲಿ ಲೇತುಗಳು ಒಂದೊಂದಾಗಿ ಸುಮ್ಮನಾಗುತ್ತವೆ. ಕೈಗೆ ಮೆತ್ತಿದ ಗ್ರೀಸನ್ನು ಬನಿಯನ್ ವೇಸ್ಟಿನಲ್ಲಿ ಒರೆಸಿಕೊಂಡು ಹೊರಬಿದ್ದವರಲ್ಲಿ ಕೆಲವರು ಕಳ್ಳಿನಂಗಡಿಯ ದಾರಿ ಬಿಟ್ಟು, ಕಿರಿದಾದ ಮೆಟ್ಟಿಲು ಹತ್ತಿ ಒಂದು ಕೋಣೆಗೆ ಬರುತ್ತಾರೆ. ಯಾರ ಹೆಸರು, ಗುರುತನ್ನೂ ಹೊರಗೆ ಒಯ್ಯುವುದಿಲ್ಲವೆಂದು ಮಾತು ಕೊಟ್ಟು ನಾವೂ ಮೂಲೆಯಲ್ಲಿ ಕೂಡೋಣ.

ದುಂಡಗೆ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು, ಎಂಟು ಮಂದಿ. ತೆಲುಗು, ದಖನಿ, ನಡುನಡುವೆ ಬೀದರಿನ ಕನ್ನಡ. ಎಲ್ಲರೂ ಕುಡಿತ ಬಿಡಲು ಹೆಣಗುತ್ತಿರುವವರು. ಮತ್ತೆ ಕುಡಿದೆನೆಂದು ಒಪ್ಪಿಕೊಂಡ ಹುಡುಗನೊಬ್ಬನಿಗೆ ಉಳಿದವರು ಬುದ್ಧಿ ಹೇಳಿದ್ದೇ ಹೇಳಿದ್ದು. ಅವನು ‘ಹೂಂ’ ಅನ್ನುತ್ತಾನೆ, ತಲೆ ತಗ್ಗಿಸುತ್ತಾನೆ, ಕೊನೆಗೆ ‘ಹೂಂ’ ಕೂಡ ನಿಲ್ಲುತ್ತದೆ. ಮಾತು ಅಲ್ಲಿಗೇ ಕಟ್ಟಿತು. ಫ್ಯಾನಿನ ಕಟಕಟ ಈಗ ಚೆನ್ನಾಗಿ ಕೇಳಿಸುತ್ತದೆ. ಕಣ್ಣುಗಳೆಲ್ಲ ಗುಂಪು ನಡೆಸುವ ಆಪ್ತಸಮಾಲೋಚಕಿಯ ಕಡೆಗೆ.

ಗುಂಪು ಚಿಕಿತ್ಸೆಯಲ್ಲಿ ಇಂಥ ಗಳಿಗೆ ತಪ್ಪಿದ್ದಲ್ಲ. 1905ರಲ್ಲಿ ಬಾಸ್ಟನ್ನಿನ ವೈದ್ಯ ಜೋಸೆಫ್ ಪ್ರಾಟ್ ಕ್ಷಯರೋಗಿಗಳನ್ನು ಒಟ್ಟಿಗೆ ಕೂರಿಸಿ ಪಾಠ ಹೇಳುವುದರಿಂದ ಶುರುವಾದ ಈ ಪದ್ಧತಿ, ಪಾಠಕ್ಕಿಂತ ಕೂತವರ ನಡುವಿನ ಸಂಬಂಧವೇ ಮದ್ದು ಎಂಬಲ್ಲಿಗೆ ಬರಲು ದಶಕಗಳೇ ಹಿಡಿದವು. ಗುಂಪು ತನ್ನ ಹೊರೆಯನ್ನು ಮುಂದಾಳಿನ ತಲೆಗೆ ಕಟ್ಟಲು ನೋಡುತ್ತದೆಂದು ಮನೋವಿಶ್ಲೇಷಕ ವಿಲ್‌ಫ್ರೆಡ್ ಬಯಾನ್ ಗುರುತಿಸಿದ್ದರು. ಸಿಕ್ಕು ಬಿದ್ದಾಗ, ಈಗ, ಈ ಕೋಣೆಯಲ್ಲಿ ಏನು ನಡೆಯುತ್ತಿದೆಯೋ ಅದನ್ನೇ ಮಾತಿಗೆ ತರಬೇಕೆಂಬುದು ಮನೋವೈದ್ಯ ಇರ್ವಿನ್ ಯಾಲೊಮ್ ಅವರ ದಾರಿ. ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಟ್ಟು ಕಾಯಬೇಕು, ಜೋರು ಮಾಡಿದರೆ ಥ್ರೆಡ್ಡೇ ಹೋಗುತ್ತದೆ ಎಂಬುದು ಇಲ್ಲಿನ ಫಿಟ್ಟರುಗಳಿಗೆ ಹೊಸದೇನಲ್ಲ.

ಸಮಾಲೋಚಕಿ ಅವಸರಪಡಲಿಲ್ಲ. ಆಮೇಲೆ ಮೆಲ್ಲಗೆ, “ಇಷ್ಟೊತ್ತು ಎಲ್ಲಾರೂ ಇವನಿಗೇ ಹೇಳಿದ್ರಿ. ತಮ್ಮ ಸುದ್ದಿ ಒಬ್ರೂ ಎತ್ತಲಿಲ್ಲ. ಯಾಕಿರಬಹುದು?” ಎಂದರು.

ಕುರ್ಚಿಯೊಂದು ಕಿರುಗುಟ್ಟಿತು. ಎಲ್ಲರಿಗಿಂತ ಜೋರಾಗಿ ಬುದ್ಧಿ ಹೇಳಿದ್ದ ಹಿರಿಯರು ಉಗುರಿನೊಳಗಿನ ಕರಿ ಕೆರೆಯುತ್ತ, “ನಾನೂ ಮೊನ್ನಿ ಕುಡದೀನ್ರಿ ಮೇಡಂ. ಹೇಳಲಿಕ್ಕ ನಾಚಿಕಿ ಆಯ್ತು. ಅದಕ್ಕೇ ಇವನಿಗೆ ಬೈಕೋತ ಕುಂತೆ” ಎಂದರು.

ಹುಡುಗ ತಲೆಯೆತ್ತಿದ. “ಕಾಕಾ, ನೀವೂ?”

ಅಲ್ಲಿಂದ ಮುಂದೆ ಯಾರೂ ಯಾರಿಗೂ ಉಪದೇಶ ಮಾಡಲಿಲ್ಲ. ಸಂಬಳದ ದಿನದ ಸಂಜೆ, ರಾತ್ರಿ ಪಾಳಿಯ ಮೈಕೈ ನೋವು, ಊರಿಗೆ ಕಳಿಸದೆ ಉಳಿದ ದುಡ್ಡು, ಒಂದೊಂದೇ ಹೊರಬಂತು. ಮೌನ ಕಂಡೊಡನೆ ಭಾಷಣ ತುಂಬಿಬಿಡುವ ವ್ಯಸನಮುಕ್ತಿ ಕೇಂದ್ರಗಳಲ್ಲಿ ಈ ಮಾತುಗಳು ಹುಟ್ಟುವುದೇ ಇಲ್ಲ. ನಮ್ಮಲ್ಲಿ ಆಗುತ್ತಿರುವ ದೊಡ್ಡ ನಷ್ಟ ಅದೇ.

2020ರ ಲಾಕ್‌ಡೌನಿನಲ್ಲಿ ಮದ್ಯದಂಗಡಿಗಳು ದಿಢೀರನೆ ಮುಚ್ಚಿದಾಗ, ಕೈ ನಡುಗುತ್ತಿದ್ದ ಎಷ್ಟೋ ಜನ ಬಂದು ನಿಂತದ್ದು ಇಲ್ಲಿಗೆ ಹತ್ತಿರದ ಎರ್ರಗಡ್ಡದ ಸರ್ಕಾರಿ ಮಾನಸಿಕ ಆಸ್ಪತ್ರೆಯ ಬಾಗಿಲಲ್ಲಿ. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಕೈ ನಡುಗುವವರೆಗೆ ಕಾಯಬೇಡಿ. 2022ರಲ್ಲಿ ಶುರುವಾದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ.