ಕಂಬಳದ ಕೋಣಗಳ ಪಾಲನೆ: ಹಟ್ಟಿಯಿಂದ ಗದ್ದೆಯವರೆಗೆ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಲ್ಲಿ ಕಾರ್ತಿ ಬೆಳೆಯ ಕಟಾವು ಮುಗಿಯಿತೆಂದರೆ ಕಂಬಳದ ಕಾಲ ಬಂದಂತೆಯೇ. ಬಾರ್ಕೂರು, ವಂಡಾರು, ತಗ್ಗರ್ಸೆ ಮೊದಲಾದ ಕಡೆಗಳ ಕಂಬಳಗದ್ದೆಗಳಿಗೆ ಸುತ್ತಲಿನ ಊರುಗಳಿಂದ ಕೋಣಗಳು ಬರುತ್ತವೆ. ಹಿಂದೆ ಇದೇ ಕೋಣಗಳು ನೇಗಿಲನ್ನೂ ಹಲಗೆಯನ್ನೂ ಎಳೆಯುತ್ತಿದ್ದವು. ಟಿಲ್ಲರ್ ಮತ್ತು ಟ್ರ್ಯಾಕ್ಟರುಗಳು ಬಂದ ಮೇಲೆ ಉಳುಮೆಗಾಗಿ ಕೋಣ ಸಾಕುವ ಮನೆಗಳು ಕಡಿಮೆಯಾಗಿವೆ. ಈಗ ಹಟ್ಟಿಯಲ್ಲಿ ಕೋಣ ಉಳಿಸಿಕೊಂಡಿರುವವರಲ್ಲಿ ಅನೇಕರು ಕಂಬಳಕ್ಕೆಂದೇ ವರ್ಷವಿಡೀ ಖರ್ಚು ಮಾಡಿ ಸಾಕುತ್ತಾರೆ. ಜೋಡಿಯಲ್ಲಿ ಒಂದು ಸತ್ತರೆ ಅಥವಾ ಕುಂಟಾದರೆ ಉಳಿದ ಕೋಣಕ್ಕೆ ಸರಿಜೋಡಿ ಹುಡುಕುವುದು ಸುಲಭವಲ್ಲ.

2014ರ ಮೇ 7ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಕಂಬಳಕ್ಕೆ ಅಡ್ಡಿ ಉಂಟಾಗಿತ್ತು. 2017ರಲ್ಲಿ ಕರ್ನಾಟಕ ಸರ್ಕಾರ ಕಾಯಿದೆಗೆ ತಿದ್ದುಪಡಿ ತಂದಿತು. ಅದನ್ನು 2023ರ ಮೇ 18ರಂದು ಸಂವಿಧಾನ ಪೀಠ ಎತ್ತಿಹಿಡಿಯಿತು. ಆದರೆ ಕೋಣಗಳಿಗೆ ಅನಗತ್ಯ ನೋವು ಕೊಡಬಾರದೆಂಬ ಷರತ್ತು ಇದ್ದೇ ಇದೆ. ಆದ್ದರಿಂದ ಕೋಣದ ಯೋಗಕ್ಷೇಮ ಈಗ ಮಾಲೀಕನ ಲಾಭನಷ್ಟದ ವಿಷಯ ಮಾತ್ರವಲ್ಲ, ಕಂಬಳದ ಉಳಿವಿನ ವಿಷಯವೂ ಹೌದು.

ಕೋಣ ಕುದುರೆಯಲ್ಲ

ಓಟದ ಪ್ರಾಣಿಯೆಂದೊಡನೆ ಕುದುರೆಯ ನೆನಪಾಗುವುದು ಸಹಜ. ಆದರೆ ಕುದುರೆಗೆ ಹೊಂದುವ ಪಾಲನೆ ಕೋಣಕ್ಕೆ ಹೊಂದುವುದಿಲ್ಲ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಮೈಶಾಖ. ಕುದುರೆ ಮೈತುಂಬ ಬೆವರಿ ತನ್ನನ್ನು ತಂಪು ಮಾಡಿಕೊಳ್ಳುತ್ತದೆ. ಕೋಣದ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಹಸುವಿಗಿಂತಲೂ ತೀರ ಕಡಿಮೆ. ಕಪ್ಪು ಚರ್ಮ ಬಿಸಿಲನ್ನು ಹೀರಿಕೊಳ್ಳುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಇರುವ ಅಲ್ಪ ಬೆವರೂ ಬೇಗ ಆರುವುದಿಲ್ಲ. ಕೋಣ ಕೆರೆಗೂ ಕೆಸರಿಗೂ ಇಳಿಯುವುದು ಈ ಕಾರಣಕ್ಕಾಗಿಯೇ ಹೊರತು ಸೋಮಾರಿತನದಿಂದಲ್ಲ.

ಎರಡನೆಯದು ಹೊಟ್ಟೆ. ಕೋಣ ಮೆಲುಕು ಹಾಕುವ ಪ್ರಾಣಿ. ಅದರ ಮೊದಲನೆಯ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ನಾರಿನ ಮೇವನ್ನು ಕೊಳೆಸಿ ಶಕ್ತಿಯನ್ನಾಗಿ ಮಾರ್ಪಡಿಸುತ್ತವೆ. ಕಾಳು, ಅಕ್ಕಿ, ಅನ್ನ ಒಮ್ಮೆಲೇ ಹೆಚ್ಚಾಗಿ ಬಿದ್ದರೆ ಅಲ್ಲಿ ಹುಳಿ ಹೆಚ್ಚಿ ಈ ಜೀವಿಗಳು ಸಾಯುತ್ತವೆ, ಮೆಲುಕು ನಿಲ್ಲುತ್ತದೆ. ತೀವ್ರವಾದರೆ ಕೋಣ ಒಂದೆರಡು ದಿನಗಳಲ್ಲೇ ಸಾಯಬಹುದು.

ಹಟ್ಟಿ

ಒಂದು ಕೋಣಕ್ಕೆ ಸುಮಾರು 4 ಅಡಿ ಅಗಲ, 6 ಅಡಿ ಉದ್ದದ ನಿಲ್ಲುವ ಜಾಗ ಬೇಕು. ನೆಲಕ್ಕೆ 40 ಅಡಿಗೆ 1 ಅಡಿಯಂತೆ ಇಳಿಜಾರು ಕೊಟ್ಟು ಗಂಜಲ ಹರಿದು ಹೋಗಲು ಹಿಂದೆ ಚರಂಡಿ ಮಾಡಬೇಕು. ಹಂಚಿನ ಮಾಡು ಉತ್ತಮ. ತಗಡಿನ ಮಾಡಾದರೆ ಮೇಲೆ ಮಡಲು ಅಥವಾ ಹುಲ್ಲು ಹೊದಿಸುವುದು ಲೇಸು. ಗಾಳಿ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಹೊರಹೋಗುವಂತಿರಬೇಕು.

ಹಟ್ಟಿಗೆ ಸೊಪ್ಪು, ತರಗೆಲೆ ಹಾಸಿ ಸಗಣಿಯೊಂದಿಗೆ ವಾರಗಟ್ಟಲೆ ತುಳಿಸಿ ಗೊಬ್ಬರ ಮಾಡುವುದು ಈ ಭಾಗದ ಹಳೆಯ ಪದ್ಧತಿ. ಗೊಬ್ಬರದ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ಮಳೆಗಾಲವೆಲ್ಲ ಒದ್ದೆ ಗೊಬ್ಬರದಲ್ಲಿ ನಿಂತ ಕೋಣದ ಗೊರಸು ಮೆತ್ತಗಾಗುತ್ತದೆ, ಗೊರಸಿನ ಸಂದು ಕೊಳೆಯುತ್ತದೆ. ಅಂಥ ಕಾಲಿನಿಂದ ಓಡಿದ ಕೋಣ ಕುಂಟುವುದು ಖಂಡಿತ. ಎರಡೂ ಲಾಭ ಬೇಕೆಂದರೆ ಸೊಪ್ಪನ್ನು ತೆಳ್ಳಗೆ ಹಾಸಿ, ದಿನವೂ ಬೆಳಿಗ್ಗೆ ಒದ್ದೆಯಾದದ್ದನ್ನು ತೆಗೆದು ನೆರಳಿನ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು. ಒಂದು ಕೋಣ ದಿನಕ್ಕೆ ಸುಮಾರು 15 ಕೆ.ಜಿ. ಸಗಣಿ ಹಾಕುತ್ತದೆ. ಗುಂಡಿಯಲ್ಲಿ ಕಳಿತ ಈ ಗೊಬ್ಬರ ಮುಂದಿನ ಕಾರ್ತಿಯ ಗದ್ದೆಗೆ ಸಿಗುತ್ತದೆ, ಗೊರಸೂ ಒಣಗಿರುತ್ತದೆ.

ಮೇವು

400 ಕೆ.ಜಿ. ತೂಕದ ಕೋಣಕ್ಕೆ ದಿನಕ್ಕೆ 8ರಿಂದ 10 ಕೆ.ಜಿ. ಒಣ ಅಂಶದ ಆಹಾರ ಬೇಕು. ಬೈಹುಲ್ಲು ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿ ಸಸಾರಜನಕ ಶೇಕಡ 3-4 ಮಾತ್ರ. ಈ ಕೊರತೆಯನ್ನು ಕಾಳಿನಿಂದಲೇ ತುಂಬಬೇಕೆಂದಿಲ್ಲ. ಕರಾವಳಿಯ ಮರಳು ಮಿಶ್ರಿತ ಗದ್ದೆಗಳಲ್ಲಿ ಬೆಳೆಯುವ ನೆಲಗಡಲೆಯ ಬಳ್ಳಿ, ಸುಗ್ಗಿಯ ಉದ್ದಿನ ಗಿಡ ಇವು ಉತ್ತಮ ಮೇವು. ಇವುಗಳನ್ನು ಗದ್ದೆಯಲ್ಲಿ ಬಿಟ್ಟು ಕೊಳೆಸದೆ ಚೆನ್ನಾಗಿ ಒಣಗಿಸಿ ಮಳೆಗಾಲಕ್ಕೆ ದಾಸ್ತಾನು ಮಾಡಬೇಕು. ತೋಟದ ಅಂಚಿನಲ್ಲಿ ನೇಪಿಯರ್, ನೀರು ನಿಲ್ಲುವ ಜಾಗದಲ್ಲಿ ಪ್ಯಾರಾ ಹುಲ್ಲು ಬೆಳೆದರೆ ದಿನಕ್ಕೆ 15ರಿಂದ 20 ಕೆ.ಜಿ. ಹಸಿಮೇವು ಕೊಡಬಹುದು.

ಹುರುಳಿಯಲ್ಲಿ ಸಸಾರಜನಕ ಶೇಕಡ 22ರಷ್ಟಿದ್ದು, ಕಂಬಳದ ಕೋಣಕ್ಕೆ ಅದು ರೂಢಿಯ ಆಹಾರ. ಬೇಯಿಸಿ ಆರಿಸಿ ಕೊಡಬೇಕು. ದಿನಕ್ಕೆ ಅರ್ಧ ಕೆ.ಜಿ.ಯಿಂದ ಆರಂಭಿಸಿ, ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ 2 ಕೆ.ಜಿ.ಗೆ ಏರಿಸಿ, ಬೆಳಿಗ್ಗೆ ಸಂಜೆ ಹಂಚಿ ಕೊಡುವುದು ಸುರಕ್ಷಿತ. ಮೊದಲು ಹುಲ್ಲು, ಆಮೇಲೆ ಹುರುಳಿ ಎಂಬ ಕ್ರಮ ತಪ್ಪಬಾರದು. ಕಂಬಳದ ಹಿಂದಿನ ದಿನ ‘ಶಕ್ತಿ ಬರಲಿ’ ಎಂದು ಹುರುಳಿ ಇಮ್ಮಡಿಸುವುದು, ಅಕ್ಕರೆಯಿಂದ ಅನ್ನ ಸುರಿಯುವುದು ಅಪಾಯಕಾರಿ. ಬೂಷ್ಟು ಹಿಡಿದ ಹುಲ್ಲನ್ನಾಗಲಿ ಹಿಂಡಿಯನ್ನಾಗಲಿ ಕೊಡಲೇಬಾರದು. ದಿನಕ್ಕೆ 50 ಗ್ರಾಂ ಲವಣ ಮಿಶ್ರಣ, 30 ಗ್ರಾಂ ಉಪ್ಪು ಸೇರಿಸಬೇಕು. ನೀರು ದಿನಕ್ಕೆ 40ರಿಂದ 60 ಲೀಟರ್ ಬೇಕಾಗುತ್ತದೆ. ಸೆಕೆಯಲ್ಲಿ, ದುಡಿಮೆಯ ದಿನಗಳಲ್ಲಿ ಇನ್ನೂ ಹೆಚ್ಚು.

ಪಳಗಿಸುವಿಕೆ

ಮಳೆಗಾಲವೆಲ್ಲ ಹಟ್ಟಿಯಲ್ಲಿ ನಿಂತ ಕೋಣವನ್ನು ಒಮ್ಮೆಲೇ ಓಡಿಸಬಾರದು. ಮಳೆ ಇಳಿಮುಖವಾದ ಮೇಲೆ ಮೊದಲ ಎರಡು ವಾರ ಬೆಳಿಗ್ಗೆ ತಂಪಿನಲ್ಲಿ ನಡೆಸುವುದು, ಕೆರೆಯಲ್ಲಿ ಈಜಿಸುವುದು ಸಾಕು. ಈಜಿನಿಂದ ಕಾಲಿಗೆ ಭಾರ ಬೀಳದೆ ಸ್ನಾಯು ಗಟ್ಟಿಯಾಗುತ್ತದೆ, ಮೈಯೂ ತಂಪಾಗುತ್ತದೆ. ಅನಂತರ ನೊಗ ಕಟ್ಟಿ ಕೆಸರಿನಲ್ಲಿ ನಿಧಾನವಾಗಿ ಎಳೆಸಿ, ಕೊನೆಗೆ ಓಟ ಕಲಿಸಬೇಕು. ಓಡಿಸಿದ ಮರುದಿನ ಬಿಡುವು ಕೊಡಬೇಕು. ಜೋಡಿ ಕೋಣಗಳ ಎತ್ತರ ಸಮವಾಗಿಲ್ಲದಿದ್ದರೆ ನೊಗ ವಾಲಿ ಒಂದರ ಹೆಗಲು ಹುಣ್ಣಾಗುತ್ತದೆ. ಹುಣ್ಣು ಮಾಯುವವರೆಗೆ ನೊಗ ಇಡಬಾರದು.

ರೋಗಗಳು

ಗಂಟಲು ಬೇನೆ (ಗಳಲೆ ರೋಗ) ಮಳೆಗಾಲದ ಆರಂಭದಲ್ಲಿ ಕಾಣಿಸಿಕೊಳ್ಳುತ್ತದೆ. ವಿಪರೀತ ಜ್ವರ, ಗಂಟಲಿನ ಊತ, ಉಸಿರಾಟದ ತೊಂದರೆ ಇದರ ಚಿಹ್ನೆಗಳು. ಹಸುಗಳಿಗಿಂತ ಕೋಣ-ಎಮ್ಮೆಗಳಿಗೆ ಇದು ಮಾರಕ. ಒಂದೇ ದಿನದಲ್ಲಿ ಸಾವು ಬರಬಹುದು. ಆದುದರಿಂದ ಮೇ ತಿಂಗಳಲ್ಲೇ ಲಸಿಕೆ ಹಾಕಿಸಬೇಕು.

ಕಾಲುಬಾಯಿ ಜ್ವರದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕಿಸಬೇಕು. ಈ ರೋಗ ವಾಸಿಯಾದ ಕೆಲವು ಪ್ರಾಣಿಗಳು ಮುಂದೆ ಬಿಸಿಲನ್ನು ತಾಳಲಾರವು, ಸ್ವಲ್ಪ ದುಡಿದರೂ ಏದುಸಿರು ಬಿಡುತ್ತವೆ. ಅಂಥ ಕೋಣವನ್ನು ಓಟಕ್ಕೆ ಕಟ್ಟಬಾರದು.

ನೀರು ನಿಲ್ಲುವ ಗದ್ದೆಗಳಲ್ಲಿ ಬಸವನಹುಳುಗಳ ಮೂಲಕ ಈಲಿಯ ಚಪ್ಪಟೆ ಹುಳು ಹರಡುತ್ತದೆ. ಕೋಣ ಸೊರಗುವುದು, ಭೇದಿ, ದವಡೆಯ ಕೆಳಗೆ ನೀರು ತುಂಬಿದ ಊತ ಇದರ ಗುರುತುಗಳು. ಮಳೆಗಾಲದ ಮೊದಲು ಮತ್ತು ಅನಂತರ ಸಗಣಿ ಪರೀಕ್ಷೆ ಮಾಡಿಸಿ ವೈದ್ಯರು ಹೇಳಿದ ಔಷಧಿ ಕುಡಿಸಬೇಕು.

ಕಂಬಳದ ದಿನ

ಓಟ ಕೆಲವೇ ಸೆಕೆಂಡುಗಳದ್ದು. ಕೋಣವನ್ನು ಹೆಚ್ಚಾಗಿ ದಣಿಸುವುದು ಲಾರಿಯ ಪ್ರಯಾಣ ಮತ್ತು ಬಿಸಿಲಿನಲ್ಲಿ ಕಟ್ಟಿ ಕಾಯಿಸುವಿಕೆ. ಈ ಕೆಳಗಿನ ಅಂಶಗಳನ್ನು ಗಮನಿಸಬೇಕು:

1. ಬೆಳಗಿನ ತಂಪಿನಲ್ಲಿ ಸಾಗಿಸಬೇಕು. ಲಾರಿಯಲ್ಲಿ ಹುಲ್ಲು ಹಾಸಿ, ಜಾರದಂತೆ ನೋಡಿಕೊಳ್ಳಬೇಕು.
2. ತಲುಪಿದೊಡನೆ ನೆರಳಿನಲ್ಲಿ ಕಟ್ಟಿ ನೀರು ಕುಡಿಸಿ, ಮೈಗೆ ನೀರು ಹೊಯ್ಯಬೇಕು.
3. ಓಡುವ ಮೊದಲಿನ ಮೂರು ನಾಲ್ಕು ಗಂಟೆಗಳಲ್ಲಿ ಹೊಟ್ಟೆ ತುಂಬ ಹುರುಳಿ ಕೊಡಬಾರದು.
4. ಓಟದ ನಂತರ ನಿಧಾನವಾಗಿ ನಡೆಸುತ್ತಾ ಮೈಮೇಲೆ ಧಾರಾಳವಾಗಿ ನೀರು ಹೊಯ್ಯಬೇಕು. ಕುಡಿಯುವ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬೇಕು.
5. ಅರ್ಧ ಗಂಟೆ ನೆರಳಿನಲ್ಲಿ ನಿಂತ ಮೇಲೂ ಏದುಸಿರು ಇಳಿಯದಿದ್ದರೆ ಆ ದಿನ ಮತ್ತೆ ಓಡಿಸಬಾರದು.
6. ನಾಲಿಗೆ ಹೊರಚಾಚಿ ಉಸಿರಾಡುವುದು, ಬಾಯಿಯಲ್ಲಿ ಜೊಲ್ಲು, ತೂರಾಡುವುದು, ಮೈಶಾಖ 40 ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚಾಗುವುದು ಅಪಾಯದ ಸೂಚನೆಗಳು. ನೀರು ಹೊಯ್ಯುತ್ತಲೇ ವೈದ್ಯರನ್ನು ಕರೆಯಿಸಬೇಕು.
7. ಬಾರುಕೋಲಿನ ಹೊಡೆತದಿಂದ ದಣಿದ ಕೋಣಕ್ಕೆ ಬಲ ಬರುವುದಿಲ್ಲ. ಓಡಲು ಒಲ್ಲದ ಕೋಣ ಬಹುಮಟ್ಟಿಗೆ ರೋಗಿಯಾಗಿರುತ್ತದೆ ಅಥವಾ ಕಾಲುನೋವಿನದಾಗಿರುತ್ತದೆ.

ಗದ್ದೆಯಲ್ಲಿ ಕಾಣುವ ಓಟ ಹಟ್ಟಿಯಲ್ಲಿ ವರ್ಷವಿಡೀ ನಡೆದ ಆರೈಕೆಯ ಫಲ. ಒಣಗಿದ ನೆಲ, ನಾರಿನ ಮೇವು, ಸಕಾಲದ ಲಸಿಕೆ, ಬೇಕಾದಷ್ಟು ನೀರು ಇವುಗಳಿಗೆ ತಗಲುವ ಖರ್ಚು ಹೆಚ್ಚಿನದೇನಲ್ಲ. ಬೆಳಿಗ್ಗೆ ಹಟ್ಟಿಗೆ ಹೋದಾಗ ಕೋಣ ಮೆಲುಕು ಹಾಕುತ್ತಿದೆಯೇ, ಸಗಣಿ ಸರಿಯಾಗಿದೆಯೇ, ನಾಲ್ಕು ಕಾಲುಗಳ ಮೇಲೂ ಸಮನಾಗಿ ನಿಂತಿದೆಯೇ ಎಂದು ನೋಡುವ ಅಭ್ಯಾಸವಿಟ್ಟುಕೊಂಡರೆ, ಕೈಮೀರುವ ಮೊದಲೇ ಹತ್ತಿರದ ಪಶು ಆಸ್ಪತ್ರೆಯ ನೆರವು ಪಡೆದು ಜೋಡಿಯನ್ನು ಬಹುಕಾಲ ಉಳಿಸಿಕೊಳ್ಳಬಹುದು.